ಕಾಳಮ್ಮನ ತವರಿನ ಮೆಣಸಿನಕಾಯಿ

ಬಸ್ಸು ಕೆಟ್ಟು ನಿಲ್ಲಬಹುದು. ಮಳೆಗೆ ಮೆಣಸಿನಕಾಯಿಯ ಗಂಟು ನೆನೆದು ಬೂಸಲು ಹಿಡಿಯಬಹುದು. ಹಾಸನದ ಬಾಡಿಗೆ ಕೋಣೆಯಲ್ಲಿ ಇಲಿ ತಿನ್ನಬಹುದು. ಇಲಿ ಮೆಣಸಿನಕಾಯಿ ತಿನ್ನುತ್ತದೆಯೇ ಎಂದು ಯಾರನ್ನು ಕೇಳುವುದು? ಇವತ್ತು ಒಗ್ಗರಣೆಯ ಘಾಟಿಗೆ ಕೆಮ್ಮುತ್ತ ಕೂತಾಗ, ಕೊಣನೂರಿನ ಬಸ್ಸಿನಲ್ಲಿ ಗಂಟು ತಬ್ಬಿಕೊಂಡು ಪಟ್ಟ ಈ ಚಿಂತೆಗಳೆಲ್ಲ ನೆನಪಾದವು. ಚಿಂತೆಪಡುವ ವಿದ್ಯೆಯಲ್ಲಿ ನಾನು ಆಗಲೇ ಪಳಗಿದವನು, ನೋಡಿ.

ಅರವತ್ತರ ದಶಕದ ಆರಂಭ. ಹಾಸನದಲ್ಲಿ ಬೀಜದ ತೋಟವೊಂದರಲ್ಲಿ ಸಹಾಯಕನಾಗಿದ್ದೆ. ಆ ವರ್ಷ ಮೆಣಸಿನ ಗಿಡಗಳಿಗೆಲ್ಲ ಎಲೆ ಮುದುರುವ ರೋಗ. ಮುದುರದ ಗಿಡ ಯಾರ ಹಿತ್ತಲಲ್ಲಿದ್ದರೂ ಬೀಜ ತನ್ನಿ, ಬೇರೆ ತಳಿಗೆ ಕೂಡಿಸಿ ನೋಡೋಣ ಎಂದರು ನಮ್ಮ ಸಾಹೇಬರು. ಅಲೆದೆ. ಉದ್ದನೆಯದು, ಸುಕ್ಕಿನದು, ಆಕಾಶ ನೋಡುವುದು, ಹಿತ್ತಲಿಗೊಂದು ಜಾತಿ! ಕೊಣನೂರಿನಾಚೆ ಕಾಳಮ್ಮ ಎಂಬಾಕೆಯ ಗುಂಡು ಕಾಯಿಯ ಗಿಡಗಳು ಮಾತ್ರ ನೆಟ್ಟಗೆ ನಿಂತಿದ್ದವು.

“ನಿಮ್ ಟೌನಲ್ಲಿ ಮೆಣಸಿನ್ಕಾಯಿ ಸಿಕ್ಕಕಿಲ್ವಾ ಸಾ? ಇಲ್ಲಿಗಂಟ ಬಂದಿದೀರ!” ಎಂದು ಕಾಳಮ್ಮ ನಕ್ಕಳು. “ನಮ್ಮವ್ವ ಮಡ್ಲಕ್ಕಿ ಜೊತೆಗೆ ಕಟ್ಟಿದ್ ಬೀಜ ಇದು.”

ಕೈ ಚಾಚಿದೆ. “ಕೈಗೆ ಕೊಟ್ರೆ ಜಗಳಾಯ್ತದೆ, ತಕ್ಕಳಿ,” ಎಂದು ಕಾಯಿಗಳನ್ನು ನೆಲಕ್ಕಿಟ್ಟಳು.

ನನ್ನ ಚಿಂತೆಗಳೆಲ್ಲ ಸುಳ್ಳಾದವು. ತೋಟದಲ್ಲಿ ಬೀಜ ಮೊಳೆಯಿತು, ಗಿಡ ಮುದುರಲಿಲ್ಲ, ಗುಂಡಗೆ ಕಾಯಿಯೂ ಬಿಟ್ಟಿತು. ಅಷ್ಟರಲ್ಲಿ ಕಾಳಮ್ಮನೇ ಹಾಸನಕ್ಕೆ ಬಂದಳು. ಅಟ್ಟ ಸೋರಿ ಆಕೆಯ ಗಡಿಗೆಯ ಬೀಜವೆಲ್ಲ ಕೊಳೆತಿತ್ತಂತೆ. “ನಮ್ಮವ್ವಂದು ಅಂತ ಇದ್ದುದ್ದು ಅದೊಂದೇಯ. ಒಸಿ ಕೊಡಿ ಸಾ.” ನಮ್ಮ ಗಿಡದ ಹಣ್ಣುಗಾಯಿಗಳನ್ನು ಹೆಮ್ಮೆಯಿಂದ ನೆಲಕ್ಕಿಟ್ಟೆ.

ಮುಂದಿನ ಫಸಲಿಗೆ ಆಕೆಯ ಹಿತ್ತಲು ನೋಡಲು ಹೋದೆ. ಕೆಲವು ಕಾಯಿಗೆ ಮೂಗು ಬಂದಿತ್ತು, ಕೆಲವು ಬೆರಳುದ್ದ. ಕಾಳಮ್ಮ ಒಂದೊಂದನ್ನೂ ಕಚ್ಚಿ ಉಗಿಯುತ್ತಿದ್ದಳು. “ಇದಲ್ಲ ಕಣ್ ಸಾ. ಇದೂ ಅಲ್ಲ.” ಬೇಲಿಯ ಪಕ್ಕದ ಗಿಡದ ಕಾಯಿ ಕಚ್ಚಿದವಳು ಉಗಿಯಲಿಲ್ಲ. ಕಣ್ಣಲ್ಲಿ ಧಾರೆ ನೀರು. “ಇವಳೇಯ!” ಎಂದು ಆ ಗಿಡಕ್ಕೆ ಸೆರಗಿನ ಅಂಚು ಹರಿದು ಕಟ್ಟಿದಳು.

“ಮಿಕ್ಕಿದ್ದನ್ನ ಕೀಳ್ತೀರಾ?” ಎಂದೆ.

“ಯಾಕ್ ಕೀಳ್ಲಿ? ಯಾರ ಮನೆಯವೋ ಏನೋ, ಬಂದವೆ. ಇರ್ಲಿ ಬುಡಿ.”

ಅಷ್ಟೆಲ್ಲ ಚಿಂತಿಸಿದವನಿಗೆ, ತೋಟದ ಪಕ್ಕದ ಮಡಿಯ ಬೇರೆ ಜಾತಿಯ ಹೂವಿನಿಂದ ಪರಾಗ ಹೊತ್ತು ಹಾರಿಬರುವ ಒಂದು ಜೇನುನೊಣ ಹೊಳೆದಿರಲಿಲ್ಲ. ಇವತ್ತು ಕೆಮ್ಮು ನಿಂತ ಮೇಲೆ ಹಿತ್ತಲಿಗೆ ಹೋದೆ. ನಮ್ಮ ಮೆಣಸಿನ ಹೂವಿನ ಮೇಲೂ ಒಂದು ಕೂತಿತ್ತು. ಓಡಿಸಲಿಲ್ಲ. ಯಾವ ಮನೆಯಿಂದ ಬಂದಿರಬಹುದೆಂದು ಬೇಲಿಯಾಚೆ ಇಣುಕಿದೆ.