ಪ್ಲಗ್ ಬಿಚ್ಚಿದ ಭಾನುವಾರ

ಮೆಕ್ಯಾನಿಕ್‌ಗಳನ್ನು ನಂಬುವ ಅಭ್ಯಾಸ ನನಗಿಲ್ಲ. ಬಾನೆಟ್ ತೆರೆದ ಕೂಡಲೇ "ಅಕ್ಕೋರೆ, ಒಳಗ ಕುಂದರ್ರಿ, ಚಾ ತರಸ್ತೀನಿ" ಅಂದರೆ ಇವನೇನೋ ಬದಲಾಯಿಸುತ್ತಾನೆ ಅಂತಲೇ ತಿಳಿಯುತ್ತೇನೆ. ಸುರಪುರದ ಕಡೆ ಶಾಲೆಯ ಅಕ್ಕೋರು ಚಾ ಕುಡಿಯಬೇಕು, ಸ್ಪ್ಯಾನರ್ ಹಿಡಿಯಬಾರದು.

ಆಗ ಅವ್ವನ ಕಿಡ್ನಿ ಕೆಟ್ಟಿತ್ತು. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಯಾದಗಿರಿಗೆ ಹೋಗಬೇಕು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಅದಕ್ಕೇ ಹಳೆಯದೊಂದು ಪೆಟ್ರೋಲ್ ಕಾರು ಕೊಂಡಿದ್ದೆ. ಒಂದು ಸರದಿ ತಪ್ಪಿದರೂ ಕಾಲು ಬಾಯುತ್ತಿದ್ದವು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. "ತಪ್ಪಿಸಿದ್ರ ಜೀವಕ್ಕ ಅಪಾಯ ಅದ" ಎಂದು ಡಾಕ್ಟರು ನನಗೆ ಹೇಳಿಯೇ ಕಳಿಸಿದ್ದರು.

ಅಂಥದ್ದರಲ್ಲಿ ಕಾರು ಮೊಂಡು ಹಿಡಿಯಿತು, ಅದೂ ಆಸ್ಪತ್ರೆಯ ದಿನವೇ. ಸ್ಟಾರ್ಟ್ ಆದರೂ ಗಡಗಡ ನಡುಗಿ ನಿಲ್ಲುತ್ತಿತ್ತು. ಶಹಾಪುರದ ಮೆಕ್ಯಾನಿಕ್ ಹೊಸ ಸ್ಪಾರ್ಕ್ ಪ್ಲಗ್ ಹಾಕಿಕೊಟ್ಟ. ಸ್ವಲ್ಪ ದಿನದಲ್ಲೇ ಮತ್ತೆ ಅದೇ ರಾಗ. ವಿಚಾರಿಸಲು ಹೋದರೆ, ನಾನು ಬಾಯಿ ತೆರೆಯುವ ಮೊದಲೇ "ದೇವರಾಣಿ, ಹೊಸಾವ ಹಾಕೀನ್ರಿ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ! ಹಳೆಯದನ್ನೇ ಉಜ್ಜಿ ಹಾಕಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಅಂದು ಭಾನುವಾರ, ಮರುದಿನ ಡಯಾಲಿಸಿಸ್ ಇತ್ತು. ಹೊಸ ಪ್ಲಗ್ಗು, ಅದನ್ನು ಬಿಚ್ಚುವ ಪಾನಾ ತಂದು ಅಂಗಳದಲ್ಲಿ ನಾನೇ ಕೂತೆ. ಬ್ಯಾಟರಿಯ ವೈರು ತೆಗೆದು, ಪ್ಲಗ್ಗಿಗೆ ಕರೆಂಟು ಕೊಡುವ, ಎಂಜಿನ್ ಮೇಲಿನ ಕಾಯಿಲ್‌ಗಳ ಬೋಲ್ಟ್ ಬಿಚ್ಚಿ ಒಂದೊಂದನ್ನೇ ಮೇಲಕ್ಕೆಳೆಯತೊಡಗಿದೆ. ಮೊದಲ ಪ್ಲಗ್ಗು ಹೊಸದೇ ಆಗಿತ್ತು. ಮೆಕ್ಯಾನಿಕ್ ಕಳ್ಳನಲ್ಲ ಎಂದು ನನಗೆ ಬೇಸರವೇ ಆಯಿತು ಅನ್ನಿ. ಮುಂದಿನ ಕಾಯಿಲ್ ಎಳೆದರೆ ಕೆಳಗೆ ಪ್ಲಗ್ ಕೂರುವ ಗುಂಡಿ ತುಂಬ ನೀರು; ಕಿಡಿ ಹತ್ತುವುದಾದರೂ ಹೇಗೆ? ಬೆರಳು ಅದ್ದಿ ಮೂಸಿದೆ. ಕಾಯಿನೀರು.

ನಮ್ಮಲ್ಲಿ ಅಮಾವಾಸ್ಯೆಯ ಗಾಡಿಪೂಜೆ ತಪ್ಪುವುದಿಲ್ಲ. ಎಲ್ಲರೂ ಗಾಲಿಯ ಮುಂದೆ ಕಾಯಿ ಒಡೆದರೆ ಅವ್ವ ಬಾನೆಟ್ ತೆಗೆಸಿ, "ಜೀವ ಇರೂದು ಇಲ್ಲೇ" ಎಂದು ಎಂಜಿನ್ನಿಗೇ ಕಾಯಿನೀರು ಚಿಮುಕಿಸುತ್ತಿದ್ದಳು. ಆದರೆ ಅಮಾವಾಸ್ಯೆ ಕಳೆದು ಬಹಳ ದಿನವಾಗಿತ್ತು. ಇದು ಹುಳಿಯದ ತಾಜಾ ನೀರು. ಒಳಗೆ ಹೋಗಿ ನೋಡಿದೆ. ಅಡುಗೆಮನೆಯಲ್ಲಿ ಬೆಳಿಗ್ಗೆ ಒಡೆದ ಕಾಯಿಯ ಹೋಳುಗಳಿದ್ದವು, ನೀರು ಮಾತ್ರ ಇರಲಿಲ್ಲ. ಕಾಯಿನೀರು ಕುಡಿಯಬಾರದೆಂದು ಅವ್ವನಿಗೆ ಡಾಕ್ಟರ ಕಟ್ಟಪ್ಪಣೆ. ಇನ್ನು ನಾನಂತೂ ಕುಡಿದಿರಲಿಲ್ಲ.

"ಯವ್ವಾ, ಇವತ್ತ ಅಮಾಸಿ ಅದ ಏನು?"

ಹೊಸ್ತಿಲ ಮೇಲೆ ಕೂತಿದ್ದ ಅವ್ವ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತೋಳಿನ ಮೇಲೆ ಸೆರಗು ಎಳೆದುಕೊಂಡಳು.

"ದಬ್ಬಣದಂಥ ಸೂಜಿ. ಸಾಕಾಗೇದ ನನಗ. ಗಾಡಿ ಕೆಟ್ರ ಒಂದಿನರ ಮನ್ಯಾಗ ಇರ್ತೀನಲ್ಲ."

"ಒಲ್ಲೆ ಅಂತ ಹೇಳಬೇಕಿತ್ತಲ್ಲ ಮತ್ತ?"

"ಹೇಳಿದ್ರ ನೀ ಅಳ್ತಿ."

ಸಿಟ್ಟು ಬಂತು, ಕೆಟ್ಟ ಸಿಟ್ಟು. ಊರವರನ್ನೆಲ್ಲ ಅನುಮಾನಿಸಿದ ನಾನು ಪಕ್ಕದಲ್ಲೇ ಕೂತವಳನ್ನು ಕೇಳಿರಲಿಲ್ಲ. ಈಗ ಕೇಳಿದರೂ ಅವಳನ್ನು ಮನೆಯಲ್ಲೇ ಬಿಡಲು ನನಗೆ ಧೈರ್ಯವಿರಲಿಲ್ಲ. ಬಟ್ಟೆ ಸುತ್ತಿದ ಕಡ್ಡಿಯಿಂದ ಗುಂಡಿ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಹೊಸ ಪ್ಲಗ್ಗನ್ನು ಕೈಯಲ್ಲೇ ತಿರುವಿ ಕೂರಿಸಿ, ಕೊನೆಗಷ್ಟೇ ಪಾನಾ ಹಚ್ಚಿ ಬಿಗಿದೆ. ಕಾಯಿಲ್, ಬೋಲ್ಟು, ಬ್ಯಾಟರಿ ವೈರು ಎಲ್ಲ ಜೋಡಿಸಿ ಚಾವಿ ತಿರುವಿದೆ.

ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು, ಒಂಚೂರೂ ನಡುಗಲಿಲ್ಲ. ಆ ಸದ್ದು ಕೇಳಿ ಅವ್ವ ಅಳತೊಡಗಿದಳು.