ಮೊದಲ ಚರಣ

ಆ ಹಳೇ ಕಲ್ಲಿನ ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡಿನ ಸಂಜೆ ಶುರುವಾಗುತ್ತಿದ್ದುದೇ ಟೈಲರಮ್ಮನ ದನಿಯಿಂದ. ದೀಪಗಳನ್ನೆಲ್ಲ ಆರಿಸಿದ ಮೇಲೆ, ತಲೆ ತಗ್ಗಿಸಿ ದಾಟಬೇಕಾದ ಗಿಡ್ಡ ಬಾಗಿಲ ಬಳಿ ಒಂದೇ ಮೇಣದಬತ್ತಿ ಹಿಡಿದು ಅವಳು ಮೊದಲ ಚರಣ ಹಾಡಬೇಕು; ಆಮೇಲೆ ಆ ಬತ್ತಿಯಿಂದ ಬೆಂಚಿನಿಂದ ಬೆಂಚಿಗೆ ಬೆಳಕು ಹರಿಯಬೇಕು. ಗಂಡ ತೀರಿಕೊಂಡ ವರ್ಷವೂ ಅವಳು ತಪ್ಪಿಸಿರಲಿಲ್ಲ.

ಆರ್ಗನ್ ನುಡಿಸುತ್ತಿದ್ದ ಟೀಚರ್ ಅವಳ ಬಾಲ್ಯದ ಗೆಳತಿ. ಈ ಸಲ ಟೈಲರಮ್ಮನಿಗೆ ಕೆಮ್ಮು ಹತ್ತಿದಾಗ ತಾನೇ ಅವಳ ಹೊಲಿಗೆ ಅಂಗಡಿಗೆ ಬಂದು, "ಪ್ರಾಕ್ಟೀಸಿಗೆ ಬರ್ಬೇಡ ಕಣೆ, ಗಂಟಲಿಗೆ ರೆಸ್ಟ್ ಕೊಡು. ನಿನಗೇನು ಹೊಸದಾ? ಸೀದಾ ಅವತ್ತೇ ಬಾ," ಎಂದಳು. ಟೈಲರಮ್ಮ ಕರಗಿಹೋದಳು.

ಅದೇ ವಾರ ಟೈಲರಮ್ಮನ ತಂಗಿಯ ಮಗಳು ಅವಳ ಕೈಯಲ್ಲೇ ಬಿಳಿ ಗೌನು ಹೊಲಿಸಿಕೊಂಡಳು. ಅವಳಿಗೆ ಹಾಡು ಕಲಿಸಿದ್ದೂ ಟೈಲರಮ್ಮನೇ. "ಗುಂಪಲ್ಲಿ ಹಿಂದೆ ನಿಲ್ಲೋಳಿಗೆ ಇಷ್ಟು ಚೆಂದದ ಬಟ್ಟೆ ಯಾಕೇ?" ಎಂದು ಛೇಡಿಸಿದರೆ ಹುಡುಗಿ ಕನ್ನಡಿ ನೋಡುತ್ತ, "ಸುಮ್ನೆ, ದೊಡ್ಡಮ್ಮ," ಎಂದಳು.

ಆ ಸಂಜೆ ದೀಪಗಳು ಆರಿದವು. ಟೈಲರಮ್ಮ ಬತ್ತಿ ಹಚ್ಚಿ ಉಸಿರೆಳೆದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಆಚೆ ತುದಿಯಿಂದ ಬೇರೊಂದು ದನಿ ಎದ್ದಿತು. ಯಾರೋ ಎಡವಟ್ಟು ಮಾಡಿದರೆಂದುಕೊಂಡಳು. ಎರಡನೇ ಸಾಲಿನಲ್ಲಿ, ತಾನು ಕಲಿಸಿಕೊಟ್ಟ ಜಾಗದಲ್ಲೇ ದನಿ ಉಸಿರಿಗೆ ನಿಂತಿತು. ಅಲ್ಲಿ ಹೊತ್ತಿದ ಇನ್ನೊಂದು ಬತ್ತಿಯ ಬೆಳಕಲ್ಲಿ ಬಿಳಿ ಗೌನು ಕಾಣಿಸಿತು. ಟೀಚರ್ ತಲೆ ಎತ್ತಲಿಲ್ಲ. ಹಾಡುವ ಗುಂಪಿನವರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅವರಿಗೆಲ್ಲ ಮೊದಲೇ ಗೊತ್ತಿತ್ತು.

ಹತ್ತಿರದ ಬೆಂಚಿನ ಮುದುಕರೊಬ್ಬರು ರೂಢಿಯಂತೆ ತಮ್ಮ ಬತ್ತಿಯನ್ನು ಅವಳತ್ತ ಚಾಚಿದರು. ಹಚ್ಚಿಕೊಟ್ಟಳು. ಬಿಸಿ ಮೇಣ ಬೆರಳ ಮೇಲೆ ಬಿತ್ತು.

ಹಾಡು ಮುಗಿದ ಮೇಲೆ ಹೊರಗೆ ಅಂಗಳದಲ್ಲಿ ಟೀಚರ್ ಅವಳ ತೋಳು ಹಿಡಿದಳು. "ಎರಡು ವರ್ಷದಿಂದ ನಿನ್ನ ಮೇಲಿನ ಸ್ವರ ನಿಲ್ತಿಲ್ಲ ಕಣೆ. ಮುಖದ ಮೇಲೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

"ನನ್ನ ದನಿ ನಂಗೆ ಗೊತ್ತಿರಲ್ವಾ? ಒಂದು ಮಾತು ಹೇಳಿದ್ರೆ ನಾನೇ ಅವಳ ಕೈಹಿಡಿದು ತಂದು ನಿಲ್ಲಿಸ್ತಿದ್ದೆ. ಎಲ್ಲರ ಮುಂದೆ ಬತ್ತಿ ಹಿಡ್ಕೊಂಡು ನಿಲ್ಲೋ ಹಾಗೆ ಮಾಡಿದ್ಯಲ್ಲೇ!"

ಮರುದಿನ ಹುಡುಗಿ ಅಳುತ್ತ ಬಂದಳು. "ಟೀಚರ್ ಹೇಳ್ಬೇಡ ಅಂದ್ರು, ದೊಡ್ಡಮ್ಮ." ಟೈಲರಮ್ಮ ಅವಳ ತಲೆ ನೇವರಿಸಿ, "ಚೆನ್ನಾಗಿ ಹಾಡ್ದೆ," ಎಂದಳು. ಹೇಳುವಾಗ ಹೊಟ್ಟೆ ಉರಿದದ್ದೂ ನಿಜ.

ತಿಂಗಳ ಮೇಲೆ ಟೀಚರ್ ಒಂದು ಬಟ್ಟೆ ಹಿಡಿದು ಅಂಗಡಿಗೆ ಬಂದಳು, ಏನೂ ಆಗಿಲ್ಲವೆಂಬಂತೆ. ಟೈಲರಮ್ಮ ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡಳು.

"ಗುರುವಾರ ಬನ್ನಿ, ಕೊಡ್ತೀನಿ."

ಬಾಲ್ಯದಿಂದ ಅವಳ ಬಾಯಲ್ಲಿ 'ಬಾರೇ' ಎನ್ನಿಸಿಕೊಂಡಿದ್ದ ಟೀಚರ್ ಆ 'ಬನ್ನಿ' ಕೇಳಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಟೈಲರಮ್ಮ ಆಗಲೇ ಮಿಷಿನ್ ತುಳಿಯತೊಡಗಿದ್ದಳು.