ಭಾವಮೈದುನ ಬಿಡಿಸಿದ ಖಳ

ನನ್ನ ಕ್ಷೌರದಂಗಡಿಗೂ ಒಗುಚಿ ತೊಕುಜಿಯ ಹಾವುಮೀನಿನ ಹೋಟೆಲಿಗೂ ನಡುವೆ ಒಂದೇ ಗೋಡೆ. ಅವನ ಕೆಂಡದ ಹೊಗೆ ನನ್ನ ಬಿಳಿ ಬಟ್ಟೆಗಳಿಗೆಲ್ಲ ಹತ್ತಿಕೊಂಡು, ಕುರ್ಚಿಯಲ್ಲಿ ಕೂತವರು ಹಸಿವಾಗುತ್ತೆ ಅನ್ನುತ್ತಿದ್ದರು. ಒಕಾಯಾ ಊರಿನ ನಮ್ಮ ಬೀದಿಯಲ್ಲಿ ತೊಕುಜಿಯನ್ನು ಇಷ್ಟಪಡುವವರು ಯಾರೂ ಇರಲಿಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟ ಗಿರಾಕಿಯನ್ನು ಬಾಗಿಲ ತನಕ ಬೈದುಕೊಂಡೇ ಕಳಿಸುವ ಮನುಷ್ಯ ಅವನು. ಹಿಂದೆಯೇ ಅವನ ಹೆಂಡತಿ ಮಿತ್ಸು ಓಡಿಬಂದು, ಹಲ್ಲಿನ ಸಂದಿ ಕಾಣದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, ನಗುತ್ತಾ ಕ್ಷಮೆ ಕೇಳುತ್ತಿದ್ದಳು. ಹದಿನೈದನೇ ವಯಸ್ಸಿಗೆ ರೇಷ್ಮೆ ಗಿರಣಿ ಸೇರಿ, ಕುದಿನೀರಿನಲ್ಲಿ ಗೂಡು ಬಿಚ್ಚಿ, ತಮ್ಮ ಕುನಿಹಿಕೊನನ್ನು ಓದಿಸಿದವಳು ಅವಳು. ಆ ತಮ್ಮ ಟೋಕಿಯೊದಲ್ಲಿ ಕಾಮಿಕ್ಸ್ ಬಿಡಿಸಿ ಬದುಕುತ್ತಿದ್ದ.

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ, ದೇಶವೆಲ್ಲ ಹಾವುಮೀನು ತಿನ್ನುವ ಆ ಸೆಕೆಯ ದಿನ, ವಾರದಿಂದ ಕೆಮ್ಮುತ್ತಿದ್ದ ಮಿತ್ಸು ಬೆಳಗಿನಿಂದ ಕೆಂಡದ ಮುಂದೆ ನಿಂತಿದ್ದಳು. ಬೀದಿಯ ತಿರುವಿನ ತನಕ ಜನ ಸಾಲುಗಟ್ಟಿದ್ದರು. ಮೂರು ಗಂಟೆಗೆ ಅವಳು ಕುಸಿದಳು. ಒಂಬತ್ತನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕುನಿಹಿಕೊ ಬಂದು ಅಕ್ಕನ ಮುಖ ನೋಡಿದ, ಭಾವನ ಮುಖ ನೋಡದೆ ರೈಲು ಹತ್ತಿದ.

ಮರುವರ್ಷ ಅವನ ಹೊಸ ಕಾಮಿಕ್ಸ್ ಶುರುವಾಯಿತು. ವಾರಪತ್ರಿಕೆಯನ್ನು ಗಿರಾಕಿಗಳಿಗಾಗಿ ನಾನೇ ತರಿಸುತ್ತಿದ್ದೆ. ಅದರಲ್ಲಿ ಊರೂರು ಅಲೆದು ಊಟದ ರುಚಿ ಹೇಳುವ ನತ್ಸುಯೊ ಅನ್ನುವ ಹೆಂಗಸು. ಅವಳ ಜೊತೆಗೆ ಒಳ್ಳೆಯದು ತಿಂದರೆ ಗಳಗಳ ಅಳುವ ಮುದಿ ಸುಮೋ ಪೈಲ್ವಾನ. ಇವರಿಬ್ಬರೆದುರು ಪ್ರತಿ ಸಲ ಸೋಲುವ ಅಡುಗೆಯವನು ಗೊಂಜೊ. ಹಳಸಿದ ಮೀನಿಗೆ ಸಿಹಿ ಸೋಯಾ ರಸ ಬಳಿದು ಮಾರುವ ಕಟುಕ. ಹುಬ್ಬಿನ ಮೇಲೆ ನರುಳ್ಳೆ, ಮುಂಗೈ ಮೇಲೆ ಸುಟ್ಟ ಗಾಯ, ಎರಡೂ ತೊಕುಜಿಯವೇ. ಮೊದಲ ಪುಟ ನೋಡಿಯೇ ನನ್ನ ಕೈಯ ಕತ್ತರಿ ನಿಂತುಬಿಟ್ಟಿತು. ನತ್ಸುಯೊ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಬೀದಿಗೆ ಬೀದಿಯೇ ಅದನ್ನು ಓದಿತು. ಟೋಫು ಮಾರುವ ಯೊನೆಜೊ ಕೂಗುತ್ತಿದ್ದ, "ಏನ್ ಗೊಂಜೊ, ಇವತ್ತಿನ ಮೀನು ಯಾವ ತಿಂಗಳದ್ದಪ್ಪಾ?"

"ನಿನ್ನ ಟೋಫುಗಿಂತ ಹೊಸದು, ಬಾ, ಮೂಸಿ ನೋಡು," ಅನ್ನುತ್ತಿದ್ದ ತೊಕುಜಿ. ಆದರೆ ಪ್ರತಿ ಬುಧವಾರ, ರಜೆಯ ದಿನ, ನನ್ನ ಅಂಗಡಿಗೆ ಬಂದು ಗೋಡೆಗೆ ಮುಖ ಮಾಡಿ ಕೂತು ಅದನ್ನು ಕೊನೆಯ ಪುಟದವರೆಗೂ ಓದುತ್ತಿದ್ದ. ಗೊಂಜೊ ಇದ್ದ ಪುಟಗಳನ್ನು ಸರಸರನೆ ಮಗುಚುತ್ತಿದ್ದ. ನತ್ಸುಯೊ ಬಂದ ಕಡೆ ಬೆರಳು ನಿಲ್ಲುತ್ತಿತ್ತು.

ಮೂರನೇ ವರ್ಷದ ತಿಥಿಗೆ ಕುನಿಹಿಕೊ ಬಂದ. ಪುರೋಹಿತರು ಮಂತ್ರ ಮುಗಿಸಿ ಹೋದ ಮೇಲೆ ಹೋಟೆಲಿನಲ್ಲೇ ಊಟ. ನಾವು ಏಳೆಂಟು ಜನ ಇದ್ದೆವು. ತೊಕುಜಿ ತಾನೇ ಸುಟ್ಟ ಮೀನಿನ ಬಟ್ಟಲನ್ನು ಭಾವಮೈದುನನ ಮುಂದಿಟ್ಟ. ಅವನು ಮುಚ್ಚಳ ತೆಗೆಯಲಿಲ್ಲ.

"ತಿನ್ನೋ. ಹಳಸಿಲ್ಲ."

"ಬೇಡ ಭಾವ. ಇದನ್ನ ಸುಡ್ತಾ ಸುಡ್ತಾನೇ ಅಕ್ಕ ಸತ್ತಿದ್ದು."

ಕುನಿಹಿಕೊ ಭಾವನ ಕಡೆ ತಿರುಗಿದ.

"ಅವತ್ತು ಅವಳನ್ನ ಕೆಂಡದ ಮುಂದೆ ನೀವೇ ನಿಲ್ಲಿಸಿದ್ರಿ, ಹೌದೋ ಅಲ್ವೋ?"

ತೊಕುಜಿ ಇಲ್ಲ ಅನ್ನುತ್ತಾನೆ ಅಂದುಕೊಂಡೆ. "ಹೌದು," ಅಂದ. "ಮೇಲೆ ಹೋಗಿ ಮಲಗ್ತೀನಿ ಅಂದ್ಲು. ಇನ್ನೊಂದು ಗಂಟೆ ನಿಲ್ಲು ಅಂದೆ. ಜನ ಕಾಯ್ತಾ ಇದ್ರು."

"ಕೊಲೆಗಾರ ನೀನು."

"ಇರಬಹುದು. ನೀನೇನು? ಮೂವತ್ತು ವರ್ಷದಲ್ಲಿ ಎಷ್ಟು ಸಲ ಬಂದಿದ್ದೀಯ ಇಲ್ಲಿಗೆ? ಈಗ ಅವಳ ನಗು ಬಿಡಿಸಿ ಅನ್ನ ತಿಂತಿದ್ದೀಯ. ಪ್ರತಿ ವಾರ ಅವಳ ಕೈಲಿ ಹಾವುಮೀನು ತಿನ್ನಿಸಿ 'ಆಹಾ' ಅನ್ನಿಸ್ತೀಯಲ್ಲ, ಅವಳಿಗೆ ಹಾವುಮೀನು ಕಂಡ್ರೆ ಆಗ್ತಿರಲಿಲ್ಲ. ಗೊತ್ತಾ ನಿನಗೆ? ಮದುವೆಯಾದ ದಿನದಿಂದ ಒಂದು ತುಂಡು ಬಾಯಿಗೆ ಹಾಕಿಲ್ಲ. ಬದನೆ ಉಪ್ಪಿನಕಾಯಿ, ಅನ್ನಕ್ಕೆ ಚಹಾ ಸುರ್ಕೊಂಡು ಉಣ್ಣೋಳು. ಗಿರಾಕಿಗಳಿಗೆ ಗೊತ್ತಾದ್ರೆ ನನಗೆ ಅವಮಾನ ಅಂತ, ಇಪ್ಪತ್ತೇಳು ವರ್ಷ ಯಾರಿಗೂ ಹೇಳಲಿಲ್ಲ."

ಕುನಿಹಿಕೊನ ಮುಖ ಬಿಳುಚಿತು. ಅವನಿಗೆ ಗೊತ್ತಿರಲಿಲ್ಲ. ಎದ್ದ, ಚಪ್ಪಲಿ ಮೆಟ್ಟಿದ, ಹೋದ. ತೊಕುಜಿ ಆ ಬಟ್ಟಲನ್ನು ಎಳೆದುಕೊಂಡು, ಗೆದ್ದವನ ಹಾಗೆ, ತಾನೇ ತಿಂದ.

ಗೆಲುವು ಐದು ವಾರ ಉಳಿಯಿತು. ಆರನೇ ಬುಧವಾರ ಪತ್ರಿಕೆ ತೆರೆದರೆ, ನತ್ಸುಯೊ ಗೊಂಜೊನ ಬಟ್ಟಲನ್ನು ಪಕ್ಕಕ್ಕೆ ತಳ್ಳಿ, "ನನಗೆ ಚಿಕ್ಕಂದಿನಿಂದ ಇದು ಸೇರೋದಿಲ್ಲ, ಯಾರಿಗೂ ಹೇಳಿಲ್ಲ" ಅನ್ನುತ್ತಿದ್ದಳು. ಮುಂದಿನ ಪುಟದಲ್ಲಿ ಅವಳು ಒಬ್ಬಳೇ ಕೂತು ಅನ್ನಕ್ಕೆ ಚಹಾ ಸುರಿದುಕೊಳ್ಳುತ್ತಿದ್ದಳು, ಪಕ್ಕದಲ್ಲಿ ಬದನೆ. ಚೆನ್ನಾಗಿಯೇ ಬಿಡಿಸಿದ್ದ. ಅದು ಮಿತ್ಸುವೇ.

ತೊಕುಜಿ ಬಹಳ ಹೊತ್ತು ಆ ಪುಟ ನೋಡಿದ. ಕಿವಿ ಕೆಂಪಾಯಿತು. "ನನ್ನ ಹೆಂಡತಿ ನನಗೊಬ್ಬನಿಗೇ ಹೇಳಿದ್ದು," ಅಂದ. "ಈಗ ದೇಶಕ್ಕೆಲ್ಲ ಗೊತ್ತು."

"ನೀನೇ ತಾನೇ ಅವನಿಗೆ ಹೇಳಿದ್ದು, ಮಾರಾಯ?"

ನಾನು ಹಾಗೆ ಹೇಳಬಾರದಿತ್ತು. ಪತ್ರಿಕೆಯನ್ನು ನನ್ನ ಬಿಸಿನೀರಿನ ಬೋಗುಣಿಯೊಳಗೆ ಅದ್ದಿ, ಬಾಗಿಲು ದಡಾರನೆ ಎಳೆದು ಹೋದ. ಎರಡು ವರ್ಷ ನನ್ನ ಹತ್ತಿರ ಕೂದಲು ಕತ್ತರಿಸಿಕೊಳ್ಳಲಿಲ್ಲ. ಕನ್ನಡಿ ಮುಂದೆ ತಾನೇ ಕತ್ತರಿಸಿಕೊಂಡು, ಗೆದ್ದಲು ತಿಂದ ಪೊರಕೆಯ ಹಾಗೆ ಓಡಾಡುತ್ತಿದ್ದ.

ಕಾಮಿಕ್ಸ್ ಹನ್ನೊಂದು ವರ್ಷ ನಡೆಯಿತು. ಗೊಂಜೊ ಒಂದು ಸಲವೂ ಒಳ್ಳೆಯವನಾಗಲಿಲ್ಲ. ಏಳನೇ ವರ್ಷದ ತಿಥಿಯನ್ನು ಇಬ್ಬರೂ ಬೇರೆ ಬೇರೆ ದಿನ ಮಾಡಿಸಿದರು, ಒಂದೇ ಗುಡಿಯಲ್ಲಿ. ದೂರದ ಊರುಗಳಿಂದ ಓದುಗರು ಬಂದು, ಕ್ಯಾಮೆರಾ ಹಿಡಿದು, "ಗೊಂಜೊ ಅಂದ್ರೆ ನೀವೇನಾ?" ಅಂತ ಕೇಳುತ್ತಿದ್ದರು.

"ಅಲ್ಲ. ಅವನಿಗಿಂತ ಕೆಟ್ಟವನು. ತಿನ್ನೋದಾದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ದಾರಿ ಬಿಡಿ," ಅನ್ನುತ್ತಿದ್ದ. ಅವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಎಪ್ಪತ್ತೆರಡನೇ ವಯಸ್ಸಿಗೆ ಲಕ್ವ ಹೊಡೆದು ತೊಕುಜಿ ಹಾಸಿಗೆ ಹಿಡಿದ. ನೋಡಲು ಹೋದಾಗ, ತೊದಲುತ್ತಾ ನನ್ನ ತೋಳು ಹಿಡಿದುಕೊಂಡ. "ನಾನು ಸತ್ತ ಮೇಲೆ ಅವನು ಬರ್ತಾನೆ. ಬಂದ್ರೆ ಊಟ ಹಾಕಿ ಕಳಿಸು. ಮಾತಾಡಿಸ್ಬೇಡ. ಹೇಳಿದ್ದನ್ನೆಲ್ಲ ಬಿಡಿಸಿಬಿಡ್ತಾನೆ."

ಫೆಬ್ರವರಿಯಲ್ಲಿ, ಊರ ಕೆರೆ ಹೆಪ್ಪುಗಟ್ಟಿದ್ದಾಗ, ತೊಕುಜಿ ಹೋದ. ಕುನಿಹಿಕೊ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಊದುಬತ್ತಿ ಹಚ್ಚಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತ. ನನ್ನ ಹೆಂಡತಿ ಬಿಸಿ ಶ್ಯಾವಿಗೆಯ ಬಟ್ಟಲು ಇಟ್ಟಳು. ಅವನು ಸಾರು ಒಂದು ತೊಟ್ಟೂ ಉಳಿಸದೆ ಕುಡಿದ. ಏನೋ ಕೇಳಬೇಕೆಂದು ಎರಡು ಸಲ ಬಾಯಿ ತೆರೆದ. ನಾನು ಕಿಟಕಿ ಕಡೆ ತಿರುಗಿ ಕೂತೆ. ಬಟ್ಟಲು ಮಗುಚಿಟ್ಟು, ತಲೆ ಬಾಗಿಸಿ, ಐದು ಗಂಟೆಯ ರೈಲಿಗೆ ಹೋದ.